ನಾಲ್ಕು ದಿನಕ್ಕೆ ಮುಗಿದ ಉಪ್ಪಿನಕಾಯಿ

ಜೂನ್ 9

ಸರ್ವೆಯರ್ ಸಾಹೇಬರಿಗೆ,

ನೀವು ರಜೆ ಮುಗಿಸಿ ಹೊರಟು ಐದು ದಿನವಾಯಿತು. ಗುಡಿಸುವಾಗ ಮಂಚದ ಕೆಳಗೆ ನಿಮ್ಮ ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದು ನಿಮ್ಮ ಚೀಲ ಸೇರಿ ಕ್ಯಾಂಪಿಗೆ ಹೋಗಿರಬೇಕು. ಇಲ್ಲೊಂದು ಒಂಟಿ, ಅಲ್ಲೊಂದು ಒಂಟಿ. ಇದನ್ನು ಬುಧವಾರದ ಸಾಮಾನಿನ ಲಾರಿಯಲ್ಲಿ ಕಳಿಸಲೋ, ಅದನ್ನು ಹಾಕಿಕೊಂಡು ನೀವೇ ಕುಂಟುತ್ತಾ ಬರುತ್ತೀರೋ ತಿಳಿಸಿ.

ಮದುವೆಯಾಗಿ ಮೂರು ವರ್ಷದಲ್ಲಿ ನಾವು ಒಂದೇ ಸೂರಿನಡಿ ಇದ್ದದ್ದು ನೂರ ನಲವತ್ತೊಂದು ದಿನ. ಲೆಕ್ಕ ಇಡುತ್ತೇನೆಂದು ಬೈಯಬೇಡಿ. ಇಡೀ ದಿನ ರೋಗಿಗಳು ಕುಡಿದದ್ದು, ಹೊಯ್ದದ್ದು ಅಳೆದು ಬರೆಯುವವಳಿಗೆ ಅದೊಂದು ಚಟ.

ವಾರ್ಡಿನಲ್ಲಿ ಎಂಟನೇ ಮಂಚಕ್ಕೆ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದಾರೆ. ಎರಡೂ ಕಿಡ್ನಿ ಸೋತಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ದಿನಕ್ಕೆ ಒಂದೇ ಲೀಟರ್ ನೀರು, ಮಾತ್ರೆ ನುಂಗುವುದೂ ಅದರಲ್ಲೇ. ಇವತ್ತು ಬಾಯಿ ಮುಕ್ಕಳಿಸಲು ಅಳೆದು ಕೊಟ್ಟೆ. ಉಗುಳಿದ್ದನ್ನೂ ಅಳೆದೆ. ಎಂಬತ್ತು ಮಿಲಿ ಕಡಿಮೆ.

"ಮೇಷ್ಟ್ರೇ, ಉಳಿದ ನೀರು ಎಲ್ಲಿ ಹೋಯ್ತು?"

"ಆವಿಯಾಯ್ತಮ್ಮ."

"ಬಾಯೊಳಗಾ?"

"ವಯಸ್ಸಾಯ್ತಲ್ಲ, ಬಾಯಿ ಬಿಸಿ."

ಅವರ ಮಗಳು ಪಕ್ಕದಲ್ಲಿ ಕೂತು ನಗುತ್ತಿದ್ದಳು. ಚಾರ್ಟಿನಲ್ಲಿ ನಾನು 'ಕುಡಿದದ್ದು: 80' ಎಂದೇ ಬರೆದೆ.

ಊಟ ಬಿಡಬೇಡಿ. ಮಾರ್ಚಿಗೆ ಇನ್ನು ಒಂಬತ್ತು ತಿಂಗಳು.

ನಿಮ್ಮವಳು

*

ಜೂನ್ 24

ಸಿಸ್ಟರ್‌ಗೆ,

ಇಲ್ಲಿ ನಾನು ಕ್ಷೇಮ. ಕಟ್ಟಿಕೊಂಡ ಹೆಂಡತಿಯನ್ನು ಸಿಸ್ಟರ್ ಎಂದು ಕರೆಯುವವನು ಈ ಕ್ಯಾಂಪಿನಲ್ಲಿ ನಾನೊಬ್ಬನೇ ಎಂದು ಎಲ್ಲರೂ ನಗುತ್ತಾರೆ. ನಗಲಿ.

ಸುರಂಗ ಈ ಕಡೆಯಿಂದ ಒಂದು ಸಾವಿರದ ನೂರ ನಲವತ್ತು ಮೀಟರ್ ಒಳಗೆ ಹೋಗಿದೆ. ಆ ಕಡೆಯವರೂ ಕೊರೆಯುತ್ತಾ ಬರುತ್ತಿದ್ದಾರೆ. ಎರಡೂ ತುದಿ ಕೂಡುವುದು ಮಾರ್ಚಿನಲ್ಲಿ. ಅಲ್ಲಿಯವರೆಗೆ ನಡುವಿನ ಗೆರೆ ಬೆರಳಷ್ಟೂ ಆಚೀಚೆ ಆಗದಂತೆ ನೋಡಿಕೊಳ್ಳಬೇಕಾದವನು ನಾನು. ಬೆಳಕು ಹರಿಯುವ ಮೊದಲು ಒಳಗೆ ಹೋದರೆ ಹೊರಗೆ ಬರುವಾಗ ಸೂರ್ಯ ಮುಳುಗಿರುತ್ತಾನೆ. ಕತ್ತಲಲ್ಲಿ ದುರ್ಬೀನಿಗೆ ಕಣ್ಣಿಟ್ಟು ದೂರದಲ್ಲಿ ಒಂದು ಸಣ್ಣ ದೀಪ ನೋಡುವುದು ನನ್ನ ಉದ್ಯೋಗ. ನೋಡುತ್ತಾ ನೋಡುತ್ತಾ ಅದು ನಮ್ಮ ಅಡುಗೆಮನೆಯ ದೀಪದಂತೆ ಕಾಣುತ್ತದೆ.

ಈ ಸಲ ಬಂದಾಗಿನಿಂದ ಯಾಕೋ ಮನಸ್ಸು ನೆಟ್ಟಗಿಲ್ಲ. ಬೆಳಿಗ್ಗೆ ಏಳುವಾಗಲೇ ಸುಸ್ತು. ಅನ್ನ ಸೇರುವುದಿಲ್ಲ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದಿದ್ದೇನೆ. ನಮ್ಮ ಅಡುಗೆಯಣ್ಣ ನನ್ನನ್ನೇ ನೋಡಿ, "ಹೆಂಡತಿ ಮನೆಗೆ ಹೋಗಿ ಬಂದವರು ದಪ್ಪಗಾಗ್ತಾರೆ ಕಣ್ರೀ. ನೀವು ಇಳಿದಿದೀರಿ, ಕಪ್ಪೂ ಆಗಿದೀರಿ. ಕಂಪೌಂಡರಿಗೆ ತೋರಿಸಿ" ಎಂದ. ಏನೆಂದು ತೋರಿಸಲಿ? ಹೆಂಡತಿ ನೆನಪಾಗುತ್ತಾಳೆ, ಎರಡು ಮಾತ್ರೆ ಕೊಡಿ ಎನ್ನಲೇ?

ಒಂದೇ ಆಸೆ. ನಿನ್ನ ಕೈಯ ನಿಂಬೆ ಉಪ್ಪಿನಕಾಯಿ. ಒಂದು ಬಾಟಲಿ ಕಳಿಸು. ನೆನೆಸಿಕೊಂಡರೇ ಬಾಯಲ್ಲಿ ನೀರು ಬರುತ್ತಿದೆ.

ಚಪ್ಪಲಿ ಅಲ್ಲೇ ಇರಲಿ. ಒಂದಾದರೂ ಮನೆಯಲ್ಲಿರಲಿ.

ನಿನ್ನವನು

*

ಜುಲೈ 3

ಸಾಹೇಬರೇ,

ನಿಮ್ಮ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ, ಕೈ ತೊಳೆದು ಇನ್ನೊಮ್ಮೆ ಓದಿದೆ. ಅನ್ನ ಸೇರುವುದಿಲ್ಲ, ಸುಸ್ತು, ಬೆಲ್ಟಿಗೆ ತೂತು. ಮೂರು ವರ್ಷದಲ್ಲಿ ನೀವು ಇಷ್ಟು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಜಂಭವೂ ಬಂತು. ನಮ್ಮ ದೊಡ್ಡ ಸಿಸ್ಟರ್ ನನ್ನ ಮುಖ ನೋಡಿ, "ಏನು, ಸಂಬಳ ಜಾಸ್ತಿ ಮಾಡಿದ್ರಾ?" ಎಂದರು.

ನಾನೂ ಹಾಗೇ ಕೊರಗುತ್ತಿದ್ದೇನೆ ಎಂದು ಬರೆಯಬೇಕಿತ್ತು. ವಾರ್ಡಿನ ತೂಕದ ಯಂತ್ರ ಒಪ್ಪುತ್ತಿಲ್ಲ. ಒಂದು ಕಿಲೋ ಜಾಸ್ತಿಯಾಗಿದ್ದೇನೆ.

ಕಳೆದ ಚಳಿಗಾಲದಲ್ಲಿ ಹಾಕಿದ ಜಾಡಿ ತೆಗೆದು ಮೂರು ಬಾಟಲಿ ತುಂಬಿಸಿ ಲಾರಿಗೆ ಕೊಟ್ಟಿದ್ದೇನೆ. ಮುಚ್ಚಳಕ್ಕೆ ಬಟ್ಟೆ ಕಟ್ಟಿದೆ. ಇಡೀ ದಿನ ರೋಗಿಗಳಿಗೆ "ಉಪ್ಪು ಮುಟ್ಟಬೇಡಿ" ಎಂದು ಪಾಠ ಹೇಳಿ, ಮನೆಗೆ ಬಂದು ಇಷ್ಟು ಉಪ್ಪನ್ನು ನನ್ನ ಕೈಯಾರೆ ಕಟ್ಟಿ ಕಳಿಸುವುದು! ಮೇಷ್ಟ್ರಿಗೆ ಗೊತ್ತಾದರೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ.

ಒಂದು ತಿಂಗಳು ಬರಬೇಕು, ನೆನಪಿರಲಿ.

ನಿಮ್ಮವಳು

*

ಜುಲೈ 22

ಸಿಸ್ಟರ್‌ಗೆ,

ಇಲ್ಲಿ ನಾನು ಕ್ಷೇಮ. ಬೈಯಬೇಡ. ಮೊದಲ ಬಾಟಲಿ ನಾಲ್ಕು ದಿನಕ್ಕೆ ಮುಗಿಯಿತು. ಎರಡನೆಯದೂ ನಾಲ್ಕೇ ದಿನ. ಚಮಚದಲ್ಲಿ ತಿನ್ನುತ್ತೇನೆ. ಹೋಳು ಮುಗಿದ ಮೇಲೆ ಬಾಟಲಿಗೆ ನೀರು ಹಾಕಿ ಅಲ್ಲಾಡಿಸಿ ಕುಡಿದೆ. ಅದನ್ನು ನೋಡಿ ನಮ್ಮ ಸಿಡಿಮದ್ದಿನ ಮುದುಕ, ಎಲ್ಲರೂ 'ಢಮಾರ್ ಮಾವ' ಎನ್ನುತ್ತೇವಲ್ಲ ಅವನು, ಊಟದ ಸಾಲಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: "ನೋಡ್ರಪ್ಪಾ, ಸರ್ವೆಯರಿಗೆ ಎಷ್ಟು ತಿಂಗಳು ಕೇಳಿ! ಬಯಕೆ ಶುರುವಾಗಿದೆ!"

ಬಾಟಲಿ ತೆರೆದಾಗ ನಮ್ಮ ಮನೆಯೇ ತೆರೆದಂತಾಗುತ್ತದೆ. ಆ ವಾಸನೆ, ಬಟ್ಟೆ ಕಟ್ಟಿದ ನಿನ್ನ ಗಂಟು. ಗಂಟನ್ನು ಬಿಚ್ಚದೆ ಪಕ್ಕದಿಂದ ಜಾರಿಸಿ ತೆಗೆದು ದಿಂಬಿನ ಕೆಳಗೆ ಇಟ್ಟಿದ್ದೇನೆ.

ಎದ್ದು ನಿಂತಾಗ ಒಮ್ಮೊಮ್ಮೆ ಕಣ್ಣು ಕತ್ತಲೆ ಬರುತ್ತದೆ. ಸುರಂಗದಲ್ಲಿ ಕೆಲಸ ಮಾಡುವವನಿಗೆ ಕತ್ತಲೆ ಹೊಸದೇ? ನೀನು ಪಕ್ಕದಲ್ಲಿದ್ದರೆ ಎಲ್ಲ ಸರಿಹೋಗುತ್ತದೆ. ಅಡುಗೆಯಣ್ಣ ನನ್ನ ಬಣ್ಣವನ್ನು ಹಂಡೆಯ ತಳಕ್ಕೆ ಹೋಲಿಸುತ್ತಾನೆ. ಅವನ ಹಂಡೆ ಅವನು ಉಜ್ಜಿಕೊಳ್ಳಲಿ.

ಇನ್ನೂ ಮೂರು ಬಾಟಲಿ ಕಳಿಸು. ಆಗದಿದ್ದರೆ ಎರಡು.

ನಿನ್ನವನು

*

ಆಗಸ್ಟ್ 11

ಕಾಗದ ತಲುಪಿತು.

ಉಪ್ಪಿನಕಾಯಿ ಕಳಿಸುವುದಿಲ್ಲ. ಇದ್ದರೆ ಇವತ್ತೇ ಯಾರಿಗಾದರೂ ಕೊಟ್ಟುಬಿಡಿ. ನಾಲ್ಕು ದಿನಕ್ಕೆ ಒಂದು ಬಾಟಲಿ ಎಂದರೆ ಎಷ್ಟು ಉಪ್ಪು ಎಂದು ನಿಮಗೆ ಅಂದಾಜಿಲ್ಲ, ನನಗಿದೆ. ನಿಮ್ಮ ಅಪ್ಪನಿಗೂ ಬಿಪಿ ಇತ್ತು. ಕಣ್ಣು ಕತ್ತಲೆ ಬರುವುದೂ ಅದರಿಂದಲೇ ಇರಬಹುದು. ಅಡುಗೆಯವರಿಗೆ ಹೇಳಿ ನಿಮ್ಮ ಪಾಲಿನ ಊಟಕ್ಕೆ ಉಪ್ಪು ಅರ್ಧ ಮಾಡಿಸಿ. ಮೇಲುಪ್ಪು ಹಾಕಿಕೊಳ್ಳಬೇಡಿ. ನಾನು ಹೇಳಿದ್ದನ್ನು ಒಂದು ಸಲವಾದರೂ ತಮಾಷೆ ಮಾಡದೆ ಕೇಳಿ.

ಪ್ರೀತಿಯಿಂದ ಕೊಡುವುದೆಲ್ಲ ಒಳ್ಳೆಯದೇ ಆಗಿರುವುದಿಲ್ಲ.

ಎಂಟನೇ ಮಂಚ ಖಾಲಿಯಾಯಿತು. ಬೇರೆ ವಿಶೇಷವಿಲ್ಲ.

*

ಆಗಸ್ಟ್ 27

ಸಿಸ್ಟರ್‌ಗೆ,

ಇಲ್ಲಿ ನಾನು ಕ್ಷೇಮ. ಮೂರನೆಯ ಬಾಟಲಿಯನ್ನು ಕೈ ಬಿಗಿಹಿಡಿದು ತಿನ್ನುತ್ತಿದ್ದೆ; ನೀನು ಹೇಳಿದಂತೆ ಅದರಲ್ಲಿ ಉಳಿದಿದ್ದ ಅರ್ಧವನ್ನು ಅಡುಗೆಯಣ್ಣನಿಗೆ ಕೊಟ್ಟೆ. ಊಟಕ್ಕೆ ಅರ್ಧ ಉಪ್ಪು. ಹತ್ತು ದಿನವಾಯಿತು, ಒಂದು ಹರಳೂ ಮೇಲೆ ಹಾಕಿಕೊಂಡಿಲ್ಲ. ತಮಾಷೆ ಮಾಡಿಲ್ಲ.

ಮೇಷ್ಟ್ರು ಗುಣವಾಗಿ ಮನೆಗೆ ಹೋದದ್ದು ಸಂತೋಷದ ಸುದ್ದಿ. ಅವರ ಮಗಳಿಗೆ ಎಷ್ಟು ಖುಷಿಯಾಗಿರಬೇಕು. ನಿನ್ನ ಆರೈಕೆ.

ನಿನ್ನ ಕಾಗದದಲ್ಲಿ ಮೇಲೆ ನನ್ನ ಹೆಸರಿಲ್ಲ, ಕೆಳಗೆ ನಿನ್ನದಿಲ್ಲ. ಕೆಲಸ ಜಾಸ್ತಿಯಿತ್ತೇನೋ.

*

ಸೆಪ್ಟೆಂಬರ್ 10

ಸಿಸ್ಟರ್‌ಗೆ,

ಇಲ್ಲಿ ನಾನು ಕ್ಷೇಮ. ಎರಡು ಲಾರಿ ಬಂದವು, ನಿನ್ನ ಕಾಗದ ಬರಲಿಲ್ಲ. ಚಾಲಕನನ್ನು ಎರಡೆರಡು ಸಲ ಕೇಳಿದೆ. "ಸೀಟಿನ ಕೆಳಗೂ ನೋಡಿದೀನಿ ಸ್ವಾಮಿ" ಎಂದ.

ಅಕ್ಷರ ಸೊಟ್ಟ ಬಂದರೆ ಕ್ಷಮಿಸು. ಮಲಗಿಕೊಂಡು ಬರೆಯುತ್ತಿದ್ದೇನೆ. ಕಳೆದ ವಾರ ನನ್ನ ಅಳತೆ ನಾಲ್ಕು ಸೆಂಟಿಮೀಟರ್ ತಪ್ಪಿತು. ಆರು ವರ್ಷದಲ್ಲಿ ಇದೇ ಮೊದಲು. ಇಂಜಿನಿಯರ್ ಬೈಯಲಿಲ್ಲ, ಪಕ್ಕಕ್ಕೆ ಕರೆದು "ಮನೆಯಲ್ಲಿ ಏನಾದರೂ ತೊಂದರೆಯೇ?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ನಿನ್ನೆ ದುರ್ಬೀನಿನ ಹತ್ತಿರ ಕಾಲು ಜಾರಿತು. ಢಮಾರ್ ಮಾವ ಕೈ ಹಿಡಿದು ಎಬ್ಬಿಸಿದ. ಎಬ್ಬಿಸಿದವನು ಕೈ ಬಿಡದೆ ತಲೆಯ ದೀಪ ಬಗ್ಗಿಸಿ ನನ್ನ ಅಂಗೈ ನೋಡಿದ. "ಇದೇನಯ್ಯಾ, ಹಸ್ತರೇಖೆಗೆ ಮಸಿ ಹಚ್ಚಿದೀಯಾ?" ನಿಜ, ಗೆರೆಗಳೆಲ್ಲ ಪೆನ್ನಿನಿಂದ ತಿದ್ದಿದಂತೆ ಕಪ್ಪು. ಯಂತ್ರದ ಎಣ್ಣೆಯೆಂದು ಸೀಮೆಎಣ್ಣೆ ಹಾಕಿ ಉಜ್ಜಿದೆ, ಹೋಗಲಿಲ್ಲ. ಹೋದ ವರ್ಷ ಮೊಣಕೈ ಬಳಿ ನೀನೇ ಹೊಲಿಗೆ ಬಿಚ್ಚಿದ ಗಾಯದ ಕಲೆಯೂ ಹಾಗೇ ಕಪ್ಪಾಗಿದೆ. "ಇಷ್ಟು ಢಾಳಾಗಿ ಆಯುಷ್ಯದ ಗೆರೆ ನಾನು ನೋಡೇ ಇಲ್ಲ. ನೂರು ವರ್ಷ ಬದುಕ್ತೀಯ ಬಿಡು" ಎಂದ ಮಾವ.

ಎರಡು ದಿನದಿಂದ ತಿಂದದ್ದು ನಿಲ್ಲುತ್ತಿಲ್ಲ. ಅದು ಬಿಡು. ನನಗೆ ಬರೆಯಲು ನಿನಗೆ ಮನಸ್ಸಿಲ್ಲದಿದ್ದರೆ ಅದನ್ನಾದರೂ ಒಂದು ಸಾಲು ಬರೆ.

ನಿನ್ನವನು

*

ಸೆಪ್ಟೆಂಬರ್ 17, ಬೆಳಿಗ್ಗೆ ಹತ್ತು ಗಂಟೆ

ರೀ,

ಲಾರಿ ಕಾಯುತ್ತಿದೆ. ನಿಂತುಕೊಂಡೇ ಬರೆಯುತ್ತಿದ್ದೇನೆ. ನೀವು ಮಲಗಿಯೇ ಓದಿ. ಓದಲಾಗದಿದ್ದರೆ ಅಡುಗೆಯಣ್ಣ ಓದಲಿ.

ಉಪ್ಪು ಬಿಡಿ ಎಂದು ನಾನು ಬರೆದದ್ದು ತಪ್ಪು. ದೊಡ್ಡ ತಪ್ಪು. ಈ ಕ್ಷಣದಿಂದ ಉಪ್ಪು ಹಾಕಿದ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಸ್ವಲ್ಪ ಸಕ್ಕರೆಯೂ ಇರಲಿ. ಒಬ್ಬರೇ ಎದ್ದು ನಿಲ್ಲಬೇಡಿ. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಲಿ. ಅಲ್ಲಿಯ ಡಾಕ್ಟರಿಗೆ ನಾನು ಫೋನಿನಲ್ಲಿ ಎಲ್ಲ ಹೇಳಿದ್ದೇನೆ. ರಕ್ತದ ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ ನೋಡುತ್ತಾರೆ, ಸಲೈನ್ ಹಾಕುತ್ತಾರೆ, ಒಂದು ಇಂಜೆಕ್ಷನ್ ಕೊಡುತ್ತಾರೆ. ಬೇಡ ಎನ್ನಬೇಡಿ.

ಅಡುಗೆಯಣ್ಣ ಜೂನ್‌ನಿಂದ ಹೇಳುತ್ತಲೇ ಇದ್ದಾನೆ ನೀವು ಕಪ್ಪಾಗಿದ್ದೀರೆಂದು. ನಾನು ಓದಿ ನಗುತ್ತಾ ಕೂತೆ. ಕತ್ತಲಿರುವಾಗ ಒಳಗೆ ಹೋಗಿ ಕತ್ತಲಾದ ಮೇಲೆ ಹೊರಗೆ ಬರುವವರು ನೀವು. ಸುರಂಗದಲ್ಲಿ ಬಿಸಿಲು ಎಲ್ಲಿಂದ ಬಂತು ಎಂದು ನನಗೆ ಹೊಳೆಯಲೇ ಇಲ್ಲ. ಅಂಗೈ ಗೆರೆ ಓದಿದಾಗ ಹೊಳೆಯಿತು. ದೊಡ್ಡ ಸಿಸ್ಟರ್‌ಗೆ ಕಾಗದ ತೋರಿಸಿದೆ. ಅವರು ಅರ್ಧ ಓದಿ ಫೋನ್ ನನ್ನ ಕಡೆ ತಳ್ಳಿದರು.

ನಿಮ್ಮ ಕಂಪನಿಯ ಇಲ್ಲಿನ ಕಚೇರಿಗೆ ಹೋಗಿ ವೈರ್‌ಲೆಸ್ ಮಾಡಿಸಿದ್ದೇನೆ. ಗುಮಾಸ್ತರು "ತುರ್ತು ಇದ್ದರೆ ಮಾತ್ರ ಅಮ್ಮಾ, ಏನಂತ ಕಳಿಸ್ಲಿ?" ಎಂದರು. "ಸರ್ವೆಯರಿಗೆ ಉಪ್ಪು ಕೊಡಿ, ಕೂಡಲೇ ಆಸ್ಪತ್ರೆಗೆ ಸೇರಿಸಿ" ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಅಷ್ಟೇ ಬರೀರಿ ಸ್ವಾಮಿ, ನಾನು ನರ್ಸು" ಎಂದೆ. ಸುದ್ದಿ ನಿಮಗೆ ಮೊದಲೇ ತಲುಪಿರಬೇಕು. ತಲುಪಿರದಿದ್ದರೆ ಎಂದು ಈ ಕಾಗದ, ಜೊತೆಗೆ ಉಪ್ಪಿನಕಾಯಿ.

ಸಂಜೆ ರಜೆ ಮಂಜೂರಾದ ಕೂಡಲೇ ಬಸ್ಸು ಹತ್ತುತ್ತೇನೆ. ಬರೆಯಲು ಮನಸ್ಸಿಲ್ಲವೆಂದು ಯಾರು ಹೇಳಿದರು ನಿಮಗೆ?

*

ಅಕ್ಟೋಬರ್ 14

ಸಾಹೇಬರಿಗೆ,

ಕ್ಷೇಮವಾಗಿ ಮನೆ ಸೇರಿ ವಾರವಾಯಿತು. ಹದಿನೆಂಟು ದಿನ ಆಸ್ಪತ್ರೆಯ ಸ್ಟೂಲಿನ ಮೇಲೆ ಮಲಗಿ ಸೊಂಟ ಹಿಡಿದಿದೆ. ರೋಗಿಯ ಕಡೆಯವರಾಗಿರುವುದು ಎಷ್ಟು ಕಷ್ಟವೆಂದು ಗೊತ್ತಾಯಿತು. ಇನ್ನು ಮೇಲೆ ಯಾರನ್ನೂ "ಏಳಿ, ಹೊರಗೆ ಕೂತ್ಕೊಳ್ಳಿ" ಎಂದು ಗದರುವುದಿಲ್ಲ. ಒಟ್ಟು ನೂರ ಐವತ್ತೊಂಬತ್ತು ದಿನವಾಯಿತು ನಮ್ಮದು. ಅದರಲ್ಲಿ ಆಸ್ಪತ್ರೆಯ ಮೊದಲ ಮೂರು ದಿನ ಪ್ರಜ್ಞೆಯಿಲ್ಲದ ನಿಮಗೆ ಲೆಕ್ಕಕ್ಕಿಲ್ಲ, ನನಗಿದೆ.

ಎದುರಿಗೆ ಕೂತು ಹೇಳಲಾಗದ್ದು ಎರಡಿದೆ.

ಒಂದು. ಮೇಷ್ಟ್ರು ಮನೆಗೆ ಹೋಗಲಿಲ್ಲ, ತೀರಿಕೊಂಡರು. ಅವರ ಮಗಳು ಪಾಪ, ನಾಲಿಗೆ ಕೆಟ್ಟಿದೆ ಎಂದು ಅಪ್ಪ ಅತ್ತರೆಂದು ಮನೆಯಿಂದ ಉಪ್ಪಿನಕಾಯಿ ತಂದು ಕದ್ದು ತಿನ್ನಿಸಿದಳು. ಉಪ್ಪು ಬಾಯಾರಿಕೆ ತಂತು, ಬಾಯಾರಿಕೆಗೆ ನಲ್ಲಿ ಸಿಕ್ಕಿತು. ನೀರು ಎದೆಗೇರಿತು. ನಾಲ್ಕು ದಿನ ಒದ್ದಾಡಿದರು. "ನಾನೇ ಕೊಂದೆನಾ ಸಿಸ್ಟರ್?" ಎಂದು ಅವಳು ನನ್ನ ಕೈ ಹಿಡಿದು ಕೇಳಿದಳು. ಅದೇ ದಿನ ಮನೆಗೆ ಬಂದರೆ ಇನ್ನೂ ಮೂರು ಬಾಟಲಿ ಕಳಿಸು ಎಂಬ ನಿಮ್ಮ ಕಾಗದ ಬಾಗಿಲಲ್ಲಿ ಬಿದ್ದಿತ್ತು. ಆ ಕೈಯಲ್ಲೇ ಉತ್ತರ ಬರೆದೆ. ಆಮೇಲೆ ನೀವು ಅವರ ಮಗಳ ಖುಷಿಯ ಬಗ್ಗೆ ಬರೆದಿರಿ. ಅದನ್ನು ಓದಿ ನನಗೆ ಪೆನ್ನು ಹಿಡಿಯಲಾಗಲಿಲ್ಲ. ಇಷ್ಟೇ ಆದದ್ದು. ಮೇಷ್ಟ್ರಿಗೆ ವಿಷವಾದದ್ದೇ ನಿಮ್ಮನ್ನು ಉಳಿಸಿತ್ತು. "ಆ ಉಪ್ಪಿನಕಾಯಿ ಇಲ್ಲದಿದ್ದರೆ ಇವರು ಜುಲೈನಲ್ಲೇ ಬರುತ್ತಿದ್ದರು" ಎಂದರು ನಿಮ್ಮ ಡಾಕ್ಟರು. ಆಗಸ್ಟಿನಲ್ಲಿ ಅದನ್ನು ನಿಲ್ಲಿಸಿದವಳು ನಾನೇ ಎಂದು ಅವರಿಗೆ ಹೇಳಿದೆ. ನಿಮಗೂ ಹೇಳುತ್ತಿದ್ದೇನೆ. ಹತ್ತು ವರ್ಷ ಕಿಡ್ನಿ ನೋಡಿಕೊಂಡವಳು ನಾನು. ಅದರ ತಲೆಯ ಮೇಲೆ ಟೋಪಿಯಂತೆ ಕೂತು ಮೈಯ ಉಪ್ಪನ್ನು ಹಿಡಿದಿಡುವ ಚಿಕ್ಕ ಗ್ರಂಥಿ ನನ್ನ ಮನೆಯವರದ್ದೇ ಬತ್ತಿ, ಉಪ್ಪು ಸೋರಿ ಮೈ ಕಪ್ಪಾಗುತ್ತಿದ್ದರೂ ನನಗೆ ಕಾಣಲಿಲ್ಲ.

ಎರಡನೆಯದು ಬರೆಯಲು ನಾಚಿಕೆ. ಸುಸ್ತು, ಅನ್ನ ಸೇರದಿರುವುದು, ಬೆಲ್ಟಿನ ತೂತು, ಎಲ್ಲ ನನ್ನ ನೆನಪಿನಿಂದ ಎಂದು ಬರೆದಿದ್ದಿರಿ. ನಾನು ನಂಬಿದ್ದೆ. ಡಾಕ್ಟರು ಒಂದೊಂದಾಗಿ ಬೆರಳು ಮಡಚಿ, ಇದು ಗ್ರಂಥಿಯದು, ಇದೂ ಗ್ರಂಥಿಯದು ಎಂದಾಗ ತಲೆಯಾಡಿಸಿದೆ. ಬಸ್ಸಿನಲ್ಲಿ ಬರುವಾಗ ಯೋಚನೆ ಹತ್ತಿತು. ಹಾಗಾದರೆ ನನ್ನ ಪಾಲಿಗೆ ಏನು ಉಳಿಯಿತು? ಗಂಡ ಬದುಕಿ ಬಂದಿದ್ದಾನೆ, ಇವಳಿಗೆ ಈ ಚಿಂತೆ ಎಂದು ನಗಬೇಡಿ.

ಚಾರ್ಟ್ ಗೀಚಿ ಇಟ್ಟಿದ್ದೇನೆ. ದಿನಾ ತುಂಬಿಸಿ. ತೂಕ, ಮಲಗಿದಾಗಿನ ಬಿಪಿ, ನಿಂತಾಗಿನ ಬಿಪಿ, ಬೆಳಗಿನ ಮಾತ್ರೆ, ಮಧ್ಯಾಹ್ನದ ಮಾತ್ರೆ, ಇತರೆ ತೊಂದರೆ. ಮಾತ್ರೆ ಒಂದು ದಿನವೂ ತಪ್ಪಬಾರದು, ಬದುಕಿರುವವರೆಗೂ. ಜ್ವರ ಬಂದರೆ ಡಾಕ್ಟರು ಹೇಳಿದಂತೆ ಎರಡರಷ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್, ಕೂಡಲೇ ಜೀಪು. ಡಾಕ್ಟರು ರೋಗ, ಮಾತ್ರೆ ಬರೆದುಕೊಟ್ಟ ಚೀಟಿ ಸದಾ ಜೇಬಿನಲ್ಲಿರಲಿ.

ಇನ್ನೊಂದು. ಕಾಗದದ ಮೊದಲ ಸಾಲಿನಲ್ಲಿ 'ಇಲ್ಲಿ ನಾನು ಕ್ಷೇಮ' ಎಂದು ಬರೆಯಬೇಡಿ. ಕೆಳಗೆ ಬಿದ್ದ ಮರುದಿನವೂ ಅದನ್ನೇ ಬರೆದವರು ನೀವು. ತೂಕದಿಂದ ಶುರು ಮಾಡಿ.

ನಿಮ್ಮವಳು

*

ನವೆಂಬರ್ 2

ಸಿಸ್ಟರ್‌ಗೆ,

ತೂಕ ಐವತ್ತೊಂಬತ್ತೂವರೆ ಕಿಲೋ. ಬೆಲ್ಟಿನಲ್ಲಿ ಮೊಳೆಯ ತೂತು ಬಿಟ್ಟು ಅಂಗಡಿಯವನ ತೂತಿಗೆ ಬಂದಿದ್ದೇನೆ.

ಸತ್ಯ ಹೇಳಬೇಕೆಂದರೆ ನಾನೂ ಬಚ್ಚಿಟ್ಟಿದ್ದೆ. ಕಾಲು ಜಾರಿದ್ದಲ್ಲ, ಪ್ರಜ್ಞೆ ತಪ್ಪಿ ಬಿದ್ದದ್ದು. ಅದಕ್ಕೆ ಮೊದಲೂ ಒಂದು ಸಲ ಬಿದ್ದಿದ್ದೆ. ಬರೆದರೆ ನೀನು ಕೆಲಸ ಬಿಡಿಸುತ್ತೀಯ, ಮಾರ್ಚಿಗೆ ಎರಡು ತುದಿ ಕೂಡುವಾಗ ದುರ್ಬೀನಿನ ಹಿಂದೆ ಬೇರೆ ಯಾರೋ ಇರುತ್ತಾರೆ ಎಂದು ಹೆದರಿದೆ. ಆಗಸ್ಟಿನ ಕಾಗದ ಓದಿ ನಿನಗೆ ನಾನು ಸಾಕಾಗಿದ್ದೇನೆ ಎಂದುಕೊಂಡೆ. ಅದಕ್ಕೇ ಹಟದಿಂದ ಉಪ್ಪು ಬಿಟ್ಟೆ. ನೀನು ಬಿಡಿಸಿದ್ದು ಅರ್ಧ, ಉಳಿದರ್ಧ ನಾನೇ ಬಿಟ್ಟದ್ದು. ತಪ್ಪನ್ನು ಇಡಿಯಾಗಿ ನೀನೊಬ್ಬಳೇ ಇಟ್ಟುಕೊಳ್ಳಬೇಡ. ಮೇಷ್ಟ್ರ ಮಗಳು ಸಿಕ್ಕರೆ ಅವಳಿಗೂ ಇದನ್ನೇ ಹೇಳು.

ನಿನ್ನ ವೈರ್‌ಲೆಸ್ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಢಮಾರ್ ಮಾವ ದಿನಾ ಊಟದ ಸಾಲಿನಲ್ಲಿ "ತುರ್ತು! ತುರ್ತು! ಸರ್ವೆಯರಿಗೆ ಉಪ್ಪು ಕೊಡಿ!" ಎಂದು ಕೂಗುತ್ತಾನೆ. ಅಂಗೈ ಗೆರೆ ತಿಳಿಯಾಗುತ್ತಿರುವುದನ್ನು ನೋಡಿ "ನೂರು ಆಗಲ್ಲ ಬಿಡು, ಎಂಬತ್ತೈದು" ಎಂದು ಇಳಿಸಿದ್ದಾನೆ.

ಚಾರ್ಟ್ ಇದರೊಳಗೆ ಮಡಚಿಟ್ಟಿದೆ. ಮಾತ್ರೆಯ ಕಾಲಂ ನೋಡು, ಒಂದೂ ತಪ್ಪಿಲ್ಲ. ನಿಂತಾಗಿನ ಬಿಪಿ ಈಗ ಬೀಳುತ್ತಿಲ್ಲ. ತಲೆ ಸುತ್ತಿಲ್ಲ, ವಾಂತಿಯಿಲ್ಲ, ಅನ್ನ ಸೇರುತ್ತದೆ. ಅಡುಗೆಯಣ್ಣ ಎರಡನೇ ಸಲ ಬಡಿಸುವಾಗ ಗೊಣಗುತ್ತಾನೆ. ಡಾಕ್ಟರು ಬೆರಳು ಮಡಚಿದ್ದೆಲ್ಲ ಹೋಗಿದೆ.

'ಇತರೆ ತೊಂದರೆ' ಎಂಬ ಕಾಲಂ ಒಂದಿದೆಯಲ್ಲ, ಕಂಪೌಂಡರು "ಅದರಲ್ಲಿ ಇಲ್ಲ ಅಂತ ಬರೀರಿ" ಎಂದರು. ನಾನು ಹದಿನೆಂಟು ದಿನವೂ 'ಇದೆ' ಎಂದು ಬರೆದೆ. "ಮಾತ್ರೆ ತಗೊಂಡ್ರೂ ಹೋಗ್ಲಿಲ್ವಾ, ಏನದು?" ಎಂದು ಕೇಳಿದರು. ಮೊದಲಿನಿಂದ ಇರುವುದು, ಅದು ಗ್ರಂಥಿಯದಲ್ಲ ಎಂದೆ.

ನಿನ್ನವನು

*

ನವೆಂಬರ್ 12

ಸಾಹೇಬರೇ,

ಚಾರ್ಟ್ ನೋಡಿದೆ. ತೂಕ, ಬಿಪಿ ಸರಿಯಿದೆ. 23ನೇ ತಾರೀಖು ಮಧ್ಯಾಹ್ನದ ಮಾತ್ರೆ ಒಂದು ಗಂಟೆ ತಡವಾಗಿದೆ, ಮತ್ತೆ ಆಗಬಾರದು. ದೊಡ್ಡ ಸಿಸ್ಟರ್ ಕೊನೆಯ ಕಾಲಂ ನೋಡಿ ಏನಿದು ಎಂದರು. ನಾನು ಹಾಳೆ ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡೆ. ಅಲ್ಲೇ ಇದೆ. ಆ ತೊಂದರೆಗೆ ಚಿಕಿತ್ಸೆ ಬೇಡ, ಇರಲಿ. ನನಗೂ ಇದೆ.

ಬುಧವಾರದ ಲಾರಿಯಲ್ಲಿ ಒಂದು ಬಾಟಲಿ ಬರುತ್ತಿದೆ. ಹೊಸ ನಿಂಬೆಯದು. ಉಪ್ಪು ಕಡಿಮೆ ಮಾಡಿಲ್ಲ. ಗಂಟು ಗಟ್ಟಿಯಾಗಿ ಕಟ್ಟಿದ್ದೇನೆ, ಈ ಸಲ ಬಿಚ್ಚಿ. ಮುಚ್ಚಳದ ಮೇಲೆ ತಾರೀಖು ಬರೆದಿದೆ. ನಾಲ್ಕು ದಿನಕ್ಕೆ ಮುಗಿದರೆ ಕೂಡಲೇ ವೈರ್‌ಲೆಸ್ ಮಾಡಿಸಿ. ಒಂದು ತಿಂಗಳು ಬಂದರೆ ಕಾಗದ ಬರೆಯಿರಿ.

ಚಪ್ಪಲಿ ಮಂಚದ ಕೆಳಗೇ ಇದೆ. ದಿನಾ ಅದನ್ನು ಎತ್ತಿ, ಗುಡಿಸಿ, ಅಲ್ಲೇ ಇಡುತ್ತೇನೆ.

ನಿಮ್ಮವಳು